ಬೆರಳಿಗೆ ಓದಲು ಬರುವ ಚೀಟಿ

ಇಕ್ಕಳ ಎಲ್ಲಿದೆ ಎಂದು ಮಾವಯ್ಯ ಕೇಳಿದ್ದು ಅದು ಮೂರನೆಯ ಸಲ. ಮೊದಲೆರಡು ಸಲ ನಾನು ಅಡುಗೆಮನೆಯಿಂದಲೇ, "ಎರಡನೆಯ ಹಲಗೆ, ಬಲಗಡೆಯ ಡಬ್ಬಿ, ಹೆಸರು ಬರೆದಿದ್ದೇನೆ ನೋಡಿ" ಎಂದು ಕೂಗಿ ಹೇಳಿದ್ದೆ. ಮೂರನೆಯ ಸಲ ಅವರ ದನಿಯಲ್ಲಿ ದಣಿವು ಕೇಳಿಸಿತು. ಒಲೆ ಸಣ್ಣದು ಮಾಡಿ ಹೋಗಿ ನೋಡಿದೆ. 82 ವರ್ಷದ ಹಿರಿಯರು ಹತ್ಯಾರು ಕೋಣೆಯ ನಡುವೆ ನಿಂತು ಎರಡೂ ಕೈಗಳನ್ನು ಹಲಗೆಯ ಮೇಲೆ ಆಡಿಸುತ್ತಿದ್ದರು. ಬೆರಳುಗಳು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಪ್ರತಿ ಡಬ್ಬಿಗೂ ನಾನು ಅಂಟಿಸಿದ್ದ ಚೀಟಿಯ ಮೇಲೆ ಒಂದು ಕ್ಷಣ ನಿಂತು, ಏನೂ ಸಿಗದೆ ಮುಂದೆ ಸರಿಯುತ್ತಿದ್ದವು.

ಅವರಿಗೆ ಗ್ಲಾಕೋಮಾ ಇದೆ. ಕಣ್ಣಿನ ಅಂಚಿನ ನೋಟ ಮೊದಲು ಹೋಗುವ ಕಾಯಿಲೆ ಅದು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ಕಣ್ಣಿಗೆ ಹನಿ ಹಾಕಬೇಕು. ಎದುರಿಗೆ ನಿಂತವರ ಮುಖ ಅವರಿಗೆ ಕಾಣುತ್ತದೆ, ಆದರೆ ಪಕ್ಕದಲ್ಲಿರುವ ಕಂಬ ಕಾಣುವುದಿಲ್ಲ. ಮಸುಕು ಬೆಳಕಿನಲ್ಲಂತೂ ಏನೂ ಕಾಣುವುದಿಲ್ಲ. ನಮ್ಮ ಹತ್ಯಾರು ಕೋಣೆಗೆ ಇರುವುದು ಒಂದೇ ಕಿಟಕಿ, ಅದರಾಚೆ ಅಡಿಕೆ ತೋಟ. ಮಳೆಗಾಲದ ಮಧ್ಯಾಹ್ನದಲ್ಲೂ ಅಲ್ಲಿ ಸಂಜೆಯೇ.

ಇದೆಲ್ಲ ನನಗೆ ಗೊತ್ತಿತ್ತು. ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗುವವಳು ನಾನೇ. ಹಾಗಿದ್ದೂ ಆ ಕೋಣೆಯನ್ನು ಓರಣ ಮಾಡುವಾಗ ಒಮ್ಮೆಯೂ ಅದು ನೆನಪಿಗೆ ಬರಲಿಲ್ಲ. ಈ ಬರಹ ಬರೆಯುತ್ತಿರುವುದು ಆ ಮರೆವನ್ನು ಹೇಳಿಕೊಳ್ಳಲಿಕ್ಕೆ, ಆಮೇಲೆ ನಾನು ಕಲಿತದ್ದನ್ನು ಹಂಚಿಕೊಳ್ಳಲಿಕ್ಕೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ತೋಟದ ಮನೆಗಳನ್ನು ನೋಡಿದವರಿಗೆ ಇಂಥ ಕೋಣೆ ಹೇಗಿರುತ್ತದೆ ಎಂದು ಗೊತ್ತಿರುತ್ತದೆ. ಕೊಟ್ಟಿಗೆಗೂ ಬಚ್ಚಲಿಗೂ ನಡುವೆ ಒಂದು ಕಿರುಮನೆ. ಗುದ್ದಲಿ, ಹಾರೆ, ಪಿಕಾಸಿ, ಮೆಟ್ಟುಗತ್ತಿ, ದೋಟಿಯ ತುಂಡುಗಳು ಒಂದು ಮೂಲೆಯಲ್ಲಿ. ಉಳಿ, ಬಾಚಿ, ಗರಗಸ, ಅರ, ಬೈರಿಗೆ, ರಸಮಟ್ಟ ಇನ್ನೊಂದು ಕಡೆ. ಪಂಪಿನ ಬಿಡಿಭಾಗ, ಔಷಧಿ ಹೊಡೆಯುವ ಯಂತ್ರದ ನಳಿಕೆ, ಪೈಪಿನ ಮೊಣಕೈ, ವಾಷರ್, ಮೊಳೆ, ತಿರುಪು ಇವೆಲ್ಲ ಹಳೆಯ ಡಾಲ್ಡಾ ಡಬ್ಬಿ, ಹಾರ್ಲಿಕ್ಸ್ ಬಾಟಲಿಗಳಲ್ಲಿ. ತೋಟದ ಹೊಣೆ ನನ್ನ ಕೈಗೆ ಬಂದ ವರ್ಷ, ಪಂಪಿನ ಫುಟ್‌ವಾಲ್ವ್ ಕೆಟ್ಟಾಗ ಒಂದು ಸ್ಪ್ಯಾನರ್ ಹುಡುಕಲು ಒಂದು ಬೆಳಗು ಪೂರ್ತಿ ಹೋಯಿತು. ಆ ಸಿಟ್ಟಿನಲ್ಲಿ ಎರಡು ವಾರ ಕೂತು ಎಲ್ಲವನ್ನೂ ಇಳಿಸಿ, ತೊಳೆದು, ಎಣ್ಣೆ ಒರೆಸಿ, ಜಾತಿವಾರು ಜೋಡಿಸಿದೆ. ಸ್ಪ್ಯಾನರುಗಳೆಲ್ಲ ಒಂದು ಕಡೆ, ಅರಗಳೆಲ್ಲ ಒಂದು ಕಡೆ, ಹಿಡಿಯುವಂಥವು ಒಂದು ಕಡೆ, ಕತ್ತರಿಸುವಂಥವು ಒಂದು ಕಡೆ. ಮದುವೆ ಕರೆಯೋಲೆಗಳನ್ನು ಕತ್ತರಿಸಿ ಚೀಟಿ ಮಾಡಿ, ಮುತ್ತಿನಂತೆ ಅಕ್ಷರ ಬರೆದು, ಮೈದಾ ಅಂಟಿನಿಂದ ಹಚ್ಚಿದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಅಕ್ಕನಿಗೆ ಕಳಿಸಿದೆ. ಬಹಳ ಸಂತೋಷವಾಗಿತ್ತು.

ಮದುವೆ ಕರೆಯೋಲೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಇದು ಬೇಡವೆಂದರೂ ಕೂಡಿಬೀಳುವ ವಸ್ತು. ಮೇಲೆ ಗಣಪತಿಯ ಚಿತ್ರವಿರುತ್ತದೆ, ಕುಲದೇವರ ಹೆಸರಿರುತ್ತದೆ. ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ, ಒಲೆಗೆ ಹಾಕಲೂ ಮನಸ್ಸಾಗುವುದಿಲ್ಲ. ಅತ್ತೆಯ ಕಾಲದಿಂದ ಅಟ್ಟದ ಮೇಲೆ ಎರಡು ಚೀಲ ತುಂಬ ಇದ್ದವು. ದೇವರ ಚಿತ್ರವಿರುವ ಭಾಗವನ್ನು ಕತ್ತರಿಸಿ ತೆಗೆದಿಟ್ಟು ಉಳಿದ ದಪ್ಪ ಹಾಳೆಯನ್ನು ಬಳಸಿದೆ. ಹಾಳೆ ಗಟ್ಟಿಯಾಗಿತ್ತು, ನುಣುಪಾಗಿತ್ತು, ಬರೆಯಲು ಹಿತವಾಗಿತ್ತು.

ಆದರೆ ಮಲೆನಾಡಿನ ಮಳೆ ಕಾಗದವನ್ನು ಉಳಿಸುವುದಿಲ್ಲ. ಮೃಗಶಿರಾ ಮಳೆ ಹಿಡಿದ ಹದಿನೈದು ದಿನಕ್ಕೆ ಚೀಟಿಗಳ ಮೂಲೆ ಸುರುಳಿಯಾದವು. ಆರಿದ್ರಾ ಮುಗಿಯುವಷ್ಟರಲ್ಲಿ ಮೈದಾ ಅಂಟಿನ ಮೇಲೆ ಹಸಿರು ಬೂಷ್ಟು ಬಂತು, ರಾತ್ರಿ ಜಿರಲೆಗಳು ಅಂಚು ಮೆಂದವು. ಬಾಲ್‌ಪೆನ್ನಿನ ಶಾಯಿ ಹರಡಿ ನೀಲಿ ಮೋಡವಾಯಿತು. ಮಾರ್ಕರ್ ಪೆನ್ನಿನಲ್ಲಿ ಬರೆದವು ನೀರಿಗೆ ತಡೆದವು. ಆದರೆ ಪಂಪಿನ ಕೆಲಸ ಮಾಡಿದ ಪೆಟ್ರೋಲಿನ ಕೈಯಲ್ಲಿ ಮುಟ್ಟಿದಾಗ ಒಂದೇ ಉಜ್ಜಿಗೆ ಅಳಿಸಿಹೋದವು. ಇಡೀ ಸಾಲಿನಲ್ಲಿ ಅಕ್ಷರ ಕೆಡದೆ ಉಳಿದದ್ದು ಒಂದೇ ಚೀಟಿಯಲ್ಲಿ. ಅದನ್ನು ನನ್ನ ಮಗಳು ಸೀಸದ ಕಡ್ಡಿಯಲ್ಲಿ ಬರೆದಿದ್ದಳು. ಪೆನ್ಸಿಲಿನ ಒಳಗಿರುವುದು ಗ್ರಾಫೈಟ್, ಅಂದರೆ ಇಂಗಾಲ. ಅದು ನೀರಿನಲ್ಲಿ ಕರಗುವುದಿಲ್ಲ, ಪೆಟ್ರೋಲಿನಲ್ಲೂ ಕರಗುವುದಿಲ್ಲ, ಬಿಸಿಲಿಗೆ ಬಣ್ಣವೂ ಕಳೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಕೊಂಡ ಪೆನ್ನುಗಳನ್ನೆಲ್ಲ ಆ ಐದು ರೂಪಾಯಿಯ ಕಡ್ಡಿ ಸೋಲಿಸಿತ್ತು.

ಚೀಟಿ ಹಾಳಾದರೆ ಹೊಸದು ಮಾಡಬಹುದು. ಆದರೆ ಇಕ್ಕಳಕ್ಕಾಗಿ ತಡಕಾಡುತ್ತಿದ್ದ ಆ ಕೈಗಳನ್ನು ನೋಡಿದ ಮೇಲೆ, ನಾನು ಕೆಡಿಸಿದ್ದು ಬೇರೆಯದೇ ಎಂದು ಅರ್ಥವಾಯಿತು. "ಅದು ಬಾಗಿಲ ಹಿಂದಿನ ಮೊಳೆಯಲ್ಲಿ ಇರುತ್ತಿತ್ತು ತಂಗಿ" ಎಂದರು ಮಾವಯ್ಯ. ನನ್ನನ್ನು ಅವರು ಕರೆಯುವುದು ತಂಗಿ ಎಂದೇ. ಅವರ ಮಾತಿನಲ್ಲಿ ದೂರು ಇರಲಿಲ್ಲ. ನಲವತ್ತು ವರ್ಷ ಇಕ್ಕಳ ಆ ಮೊಳೆಯಲ್ಲಿತ್ತು, ಒಳಗೆ ಕಾಲಿಟ್ಟು ಎಡಗೈ ಎತ್ತಿದರೆ ಸಿಗುತ್ತಿತ್ತು. ನಾನು ಗೊಂದಲ ಎಂದುಕೊಂಡದ್ದು ಗೊಂದಲವಾಗಿರಲಿಲ್ಲ. ಕಣ್ಣು ಹೋಗುತ್ತಾ ಬಂದ ಮನುಷ್ಯನಿಗೆ ಈ ಮನೆಯಲ್ಲಿ ಇನ್ನೂ ಪೂರ್ತಿಯಾಗಿ ಕಾಣುತ್ತಿದ್ದ ಒಂದೇ ಕೋಣೆ ಅದು. ಅದನ್ನು ನಾನು ಎರಡು ವಾರದಲ್ಲಿ, ಸ್ವಚ್ಛ ಮಾಡುತ್ತೇನೆಂದುಕೊಂಡು, ಅವರಿಗೆ ಕಾಣದಂತೆ ಮಾಡಿದ್ದೆ.

ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಮರುದಿನ ಅವರನ್ನು ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಮೊದಲು ಏನು ಎಲ್ಲಿತ್ತು ಎಂದು ಒಂದೊಂದಾಗಿ ಕೇಳಿದೆ. ಅವರು ಹೇಳುತ್ತಾ ಹೋದರು, ನಾನು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮೂರು ಪುಟ ಆದ ಮೇಲೆ ಅದರೊಳಗಿನ ಕ್ರಮ ನನಗೆ ಹೊಳೆಯಿತು. ನಾನು ವಸ್ತುಗಳನ್ನು ಜಾತಿಯಿಂದ ವಿಂಗಡಿಸಿದ್ದೆ, ಅವರು ಕೆಲಸದಿಂದ ವಿಂಗಡಿಸಿದ್ದರು. ಪಂಪ್ ಬಿಚ್ಚಲು ಬೇಕಾದ ಎರಡು ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್, ಗ್ರೀಸ್ ಡಬ್ಬಿ, ಹಳೆಯ ಬಟ್ಟೆ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರ್ ಎಲ್ಲ ಒಂದೇ ಬಕೆಟ್ಟಿನಲ್ಲಿ. ಬಕೆಟ್ ಎತ್ತಿಕೊಂಡು ಹೊಳೆಯ ದಂಡೆಗೆ ಹೋದರೆ ಮತ್ತೆ ಮನೆಗೆ ಬರುವ ಕೆಲಸವಿಲ್ಲ. ಔಷಧಿ ಹೊಡೆಯುವ ಯಂತ್ರದ ಚಾವಿ, ನಳಿಕೆ, ತಂತಿಯ ಕಡ್ಡಿ, ಜಾಲರಿ ಇವು ಕಿಟಕಿಯ ಕೆಳಗೆ. ಬೇಲಿಯ ಸುತ್ತಿಗೆ, ಯು ಮೊಳೆ, ತಂತಿ, ಇಕ್ಕಳ ಬಾಗಿಲ ಹಿಂದೆ. ಹಾಗಾಗಿಯೇ ಒಂದೇ ಅಳತೆಯ ಸ್ಪ್ಯಾನರ್ ನಮ್ಮಲ್ಲಿ ಮೂರಿದ್ದವು. ದಂಡ ಖರ್ಚು ಎಂದುಕೊಂಡಿದ್ದೆ.

ಹಾಗೆಂದು ಎಲ್ಲವನ್ನೂ ಹಳೆಯ ಜಾಗಕ್ಕೆ ಇಟ್ಟು ಕೈತೊಳೆದುಕೊಳ್ಳುವಂತಿರಲಿಲ್ಲ. ಅವರ ಕ್ರಮ ಅವರ ತಲೆಯೊಳಗೇ ಇತ್ತು. ತೋಟಕ್ಕೆ ಈಗ ಇಳಿಯುವವರು ನಾನು, ಕೆಲಸಕ್ಕೆ ಬರುವ ಇಬ್ಬರು, ರಜೆಯಲ್ಲಿ ಮಗಳು. ಎಲ್ಲರೂ ಓದಬಹುದಾದ ಚೀಟಿ ಬೇಕಿತ್ತು. ಅದರಲ್ಲಿ ಒಬ್ಬರು ಬೆರಳಿನಿಂದ ಓದಬೇಕಿತ್ತು, ಇನ್ನೊಬ್ಬರಿಗೆ ಅಕ್ಷರವೇ ಬರುತ್ತಿರಲಿಲ್ಲ.

ಬ್ರೈಲ್ ಕಲಿಸಬಹುದಲ್ಲ ಎಂದು ಪರಿಚಯದವರು ಸಲಹೆ ಕೊಟ್ಟರು. ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಆರು ಚುಕ್ಕೆಗಳ ಆ ಲಿಪಿ ಎಷ್ಟು ಜನರ ಬದುಕನ್ನು ತೆರೆದಿದೆ ಎಂಬುದರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಭಾರತಿ ಬ್ರೈಲ್ ಮೂಲಕ ಕನ್ನಡವನ್ನೂ ಅದರಲ್ಲಿ ಓದಬಹುದು. ಆದರೆ ಅದರ ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಅರವತ್ತು ವರ್ಷ ಸುಣ್ಣ, ಮೈಲುತುತ್ತ, ಅಡಿಕೆ ಸಿಪ್ಪೆಯಲ್ಲಿ ಆಡಿದ ಬೆರಳ ತುದಿಗೆ ಅಷ್ಟು ಸಣ್ಣದು ತಿಳಿಯುವುದಿಲ್ಲ. ಮಾವಯ್ಯನ ಬೆರಳಿನ ಚರ್ಮ ಹಲಸಿನ ಮರದ ತೊಗಟೆಯಂತಿದೆ.

ದಾರಿ ತೋರಿಸಿದ್ದು ಒಂದು ಶನಿವಾರದ ಬಟವಾಡೆ. ಕೂಲಿ ಕೊಡುವ ಕೆಲಸವನ್ನು ಅವರು ಇನ್ನೂ ಯಾರಿಗೂ ಬಿಟ್ಟಿಲ್ಲ. ನೋಟಿನ ಎಡಬಲ ಅಂಚನ್ನು ಹೆಬ್ಬೆರಳಿನಿಂದ ಸವರಿ ಎಣಿಸುತ್ತಾರೆ. ಈಗಿನ 500 ರೂಪಾಯಿಯ ನೋಟಿನ ಅಂಚಿನಲ್ಲಿ ಐದು ಓರೆಗೆರೆಗಳು ಉಬ್ಬಿ ನಿಂತಿರುತ್ತವೆ, 100ರ ನೋಟಿನಲ್ಲಿ ನಾಲ್ಕು; 200ರಲ್ಲಿಯೂ ನಾಲ್ಕೇ ಗೆರೆ, ಆದರೆ ನಡುವೆ ಎರಡು ಸಣ್ಣ ವೃತ್ತಗಳು. ನೋಡಲಾಗದವರಿಗೆಂದೇ ರಿಸರ್ವ್ ಬ್ಯಾಂಕ್ ಇಟ್ಟಿರುವ ಗುರುತು ಅದು. ಹಳತಾದ ನೋಟಿನಲ್ಲಿ ಸವೆದಿರುತ್ತದೆ, ಹೊಸ ನೋಟಿನಲ್ಲಿ ಅವರಿಗೆ ತಪ್ಪುವುದೇ ಇಲ್ಲ. ಅಲ್ಲಿ ಅಕ್ಷರವಿಲ್ಲ, ಅಂಕಿಯಿಲ್ಲ, ಎಣಿಸಲು ಬರುವ ಗೆರೆ ಮಾತ್ರ. ನಮ್ಮ ಚೀಟಿಗೂ ಅದೇ ಸಾಕಲ್ಲವೇ ಎಂದು ಆಗ ಅನಿಸಿತು.

ಮೊದಲು ಸ್ಪ್ಯಾನರುಗಳಿಂದ ಶುರು ಮಾಡಿದೆ. ಮೆಟ್ರಿಕ್ ಬೋಲ್ಟುಗಳಲ್ಲಿ ಹೆಚ್ಚು ಬೇಕಾಗುವುದು ನಾಲ್ಕೇ ಅಳತೆ: 6 ಮಿ.ಮೀ. ಬೋಲ್ಟಿಗೆ 10 ನಂಬರ್ ಸ್ಪ್ಯಾನರ್, 8ಕ್ಕೆ 13, 10ಕ್ಕೆ 17, 12ಕ್ಕೆ 19. ಹಳೆಯ ಸೈಕಲ್ ಟ್ಯೂಬನ್ನು ಅಡ್ಡಲಾಗಿ ಕತ್ತರಿಸಿದರೆ ಬಳೆಯಂಥ ರಬ್ಬರ್ ಸುತ್ತುಗಳು ಸಿಗುತ್ತವೆ. ಅವನ್ನು ಎರಡು ಮಡಿಕೆ ಮಾಡಿ ಹಿಡಿಗೆ ಬಿಗಿಯಾಗಿ ಏರಿಸಿದೆ. ಹತ್ತಕ್ಕೆ ಒಂದು ಬಳೆ, ಹದಿಮೂರಕ್ಕೆ ಎರಡು, ಹದಿನೇಳಕ್ಕೆ ಮೂರು, ಹತ್ತೊಂಬತ್ತಕ್ಕೆ ನಾಲ್ಕು. ಬಳೆಗಳ ನಡುವೆ ಒಂದು ಬೆರಳಗಲ ಜಾಗ. ಮಾವಯ್ಯ ಒಂದೇ ಸಲ ಮುಟ್ಟಿ ನೋಡಿ ಕಲಿತರು, ಆಮೇಲೆ ನನಗೇ ಒಂದು ತಪ್ಪನ್ನು ತೋರಿಸಿದರು. ಅವರ ಕಾಲದ ದೊಡ್ಡ ಸ್ಪ್ಯಾನರಿನ ಮೈಮೇಲೆ ಮೂರರ ಎಂಟು ಇಂಚು ಎಂದು ಅಚ್ಚಾಗಿದೆ, ಆದರೆ ಅದರ ಬಾಯಿ ಅಳೆದರೆ ಸುಮಾರು 18 ಮಿ.ಮೀ. ಇಂಗ್ಲೆಂಡಿನ ಹಳೆಯ ವಿಟ್ವರ್ತ್ ಪದ್ಧತಿಯಲ್ಲಿ ಸ್ಪ್ಯಾನರಿಗೆ ಹಾಕುತ್ತಿದ್ದ ಅಳತೆ ಬೋಲ್ಟಿನ ಕಡ್ಡಿಯದು, ಅದರ ತಲೆಯದಲ್ಲ. ಈಗಿನವರು ತಲೆಯ ಅಳತೆಯನ್ನು ಹಾಕುತ್ತಾರೆ. ಎರಡೂ ಒಂದೇ ರಾಶಿಯಲ್ಲಿದ್ದರೆ ಅಂಕಿ ನಂಬಿ ಹೋದವರಿಗೆ ಮೋಸವೇ. ಆ ಹಳೆಯದಕ್ಕೆ ಬಳೆ ಹಾಕದೆ ಹಿಡಿಗೆ ಸೆಣಬಿನ ಹುರಿ ಸುತ್ತಿದೆವು. ಹುರಿ ಕೈಗೆ ಸಿಕ್ಕಿತೆಂದರೆ ಅದು ಹಳೆಯ ಪಂಪಿನದು.

ಡಬ್ಬಿಗಳಿಗೆ ಬೇಕಾದದ್ದು ಉಬ್ಬುಗೆರೆಯ ಹಲಗೆ. ಅದಕ್ಕೆ ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯಷ್ಟು ಒಳ್ಳೆಯ ವಸ್ತು ನನಗೆ ಬೇರೆ ಸಿಕ್ಕಿಲ್ಲ. ಜೋಗದ ರಸ್ತೆಯ ಪಕ್ಕದಲ್ಲಿ ಪ್ರವಾಸಿಗರು ಎಸೆದು ಹೋದದ್ದು ಬೇಕಾದಷ್ಟು ಬಿದ್ದಿರುತ್ತದೆ. ತಗಡು ಎಷ್ಟು ತೆಳು ಎಂದರೆ, ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಮನೆಯ ಕತ್ತರಿಯೇ ಸಾಕು. ಅಂಚು ಬ್ಲೇಡಿನಂತೆ ಹರಿತ, ಅದಕ್ಕೆ ನಾಲ್ಕೂ ಬದಿ ಒಳಕ್ಕೆ ಮಡಚಿ ಚಮಚದ ಬೆನ್ನಿನಿಂದ ಉಜ್ಜಿ ಕೂರಿಸಬೇಕು. ಬೆರಳಿಗಾಗಿ ಮಾಡುವ ವಸ್ತುವಿನಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಕೆಳಗೆ ಟ್ಯೂಬಿನ ತುಂಡು ಹಾಸಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಇನ್ನೊಂದು ಬದಿಯಲ್ಲಿ ಗೆರೆ ಎದ್ದು ನಿಲ್ಲುತ್ತದೆ.

ಇನ್ನೊಂದು ಬದಿ ಎಂಬುದೇ ಇಲ್ಲಿ ಕಷ್ಟ. ಉಬ್ಬು ಬೇಕೆಂದರೆ ಹಿಂದಿನಿಂದ ಬರೆಯಬೇಕು, ಅಂದರೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಕನ್ನಡವನ್ನು ಬಲದಿಂದ ಎಡಕ್ಕೆ ಬರೆದು ನೋಡಿ, ಹುಟ್ಟಿದಾಗಿನಿಂದ ಬಂದ ಲಿಪಿ ಹೊಸದಾಗಿ ಕಾಣುತ್ತದೆ. ತಲೆಕಟ್ಟು ಯಾವ ಕಡೆ ಬಾಗುತ್ತದೆ, ಕೊಂಬು ಎಲ್ಲಿಂದ ಏಳುತ್ತದೆ ಎಂದು ಕೈ ನಿಂತು ಕೇಳುತ್ತದೆ. ತೆಳು ಕಾಗದದಲ್ಲಿ ದಪ್ಪವಾಗಿ ಬರೆದು, ಮಗುಚಿ, ತಗಡಿನ ಮೇಲಿಟ್ಟು ಅದರ ಗುಂಟ ಒತ್ತುವುದು ಸುಲಭದ ದಾರಿ. ಹಾಗೆ ಒತ್ತಿದ ಮೇಲೆ ಗೀರುಗಳು ಕಣ್ಣಿಗೂ ಚೆನ್ನಾಗಿ ಕಾಣಲೆಂದು ದೀಪದ ಕಾಡಿಗೆಯನ್ನು ಎಳ್ಳೆಣ್ಣೆಯಲ್ಲಿ ಕಲಸಿ ಉಜ್ಜಿ ಒರೆಸಿದೆ. ತಗ್ಗಿನಲ್ಲಿ ಕಪ್ಪು ಉಳಿಯಿತು, ಮೇಲೆ ಲೋಹ ಹೊಳೆಯಿತು. ಓಲೆಗರಿಯಲ್ಲಿ ಬರೆಯುತ್ತಿದ್ದವರು ಮಾಡುತ್ತಿದ್ದದ್ದೂ ಇದೇ: ಕಂಠ ಎಂಬ ಮೊನಚು ಕಡ್ಡಿಯಿಂದ ಗರಿಯ ಮೇಲೆ ಗೀರಿ, ಆಮೇಲೆ ಮಸಿ ಸವರಿ, ಒರೆಸಿದಾಗ ಅಕ್ಷರ ಮೂಡುವುದು. ನನ್ನ ಕಂಠ ಮುಗಿದ ಬಾಲ್‌ಪೆನ್, ನನ್ನ ಗರಿ ಯಾರೋ ಕುಡಿದು ಎಸೆದ ಡಬ್ಬಿ. ಆದರೂ ಆ ಸಂಜೆ ಜಗುಲಿಯಲ್ಲಿ ಕೂತು ಮಸಿ ಉಜ್ಜುವಾಗ ಬಹಳ ಹಿಂದಿನ ಕೈಗಳ ಜತೆ ಕೂತಂತೆ ಅನಿಸಿದ್ದು ನಿಜ.

ಒಂದು ವಿಷಯ ಮಾತ್ರ ನನ್ನ ಎಣಿಕೆಗೆ ಸಿಕ್ಕಿರಲಿಲ್ಲ. ಕನ್ನಡದ ಅಕ್ಷರಗಳು ಎಷ್ಟೇ ಉಬ್ಬಿದರೂ ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುವುದಿಲ್ಲ. ಎಲ್ಲವೂ ದುಂಡಗೆ. ರ, ಠ, ಥ, ಧ ಎಲ್ಲವೂ ಮಾವಯ್ಯನಿಗೆ "ಒಂದು ಉಂಡೆ". ಹಾಗಾಗಿ ತಗಡಿನ ಮೇಲ್ಭಾಗದಲ್ಲಿ ಕಣ್ಣಿರುವವರಿಗೆ ಹೆಸರು, ಕೆಳಭಾಗದಲ್ಲಿ ಬೆರಳಿಗೆ ಗೆರೆ ಎಂದು ಪಾಲು ಮಾಡಿದೆ. ಗೆರೆಯಲ್ಲೂ ಮೂರೇ ಬಗೆ: ನೇರ, ಓರೆ, ಅಡ್ಡ. ನೇರ ಪಂಪಿಗೆ, ಓರೆ ಔಷಧಿಗೆ, ಅಡ್ಡ ಬೇಲಿಗೆ. ಎಷ್ಟು ಗೆರೆ ಎಂಬುದು ಎಷ್ಟನೆಯ ಡಬ್ಬಿ ಎಂದು ಹೇಳುತ್ತದೆ.

ಅಕ್ಷರ ಬಾರದ ನಮ್ಮ ಕೆಲಸದ ಹೆಂಗಸು ಇದಾವುದನ್ನೂ ಬಳಸುವುದಿಲ್ಲ. ಪ್ರತಿ ಡಬ್ಬಿಯ ಮುಚ್ಚಳಕ್ಕೆ ಒಳಗಿರುವ ವಸ್ತುವಿನದೇ ಒಂದು ಮಾದರಿಯನ್ನು ತಂತಿಯಿಂದ ಕಟ್ಟಿ ಎಂದು ಆಕೆಯೇ ಹೇಳಿದಳು. ಒಂದು ಯು ಮೊಳೆ, ಒಂದು ವಾಷರ್, ಒಂದು ಒಂದೂವರೆ ಇಂಚಿನ ತಿರುಪು. ಇಷ್ಟು ದಿನ ನಾನು ಪಟ್ಟ ಪಾಡಿನಲ್ಲಿ ಇದಕ್ಕಿಂತ ಒಳ್ಳೆಯ ಚೀಟಿ ಇನ್ನೊಂದಿಲ್ಲ. ಕಣ್ಣಿಗೂ ಸರಿ, ಬೆರಳಿಗೂ ಸರಿ, ಯಾವ ಭಾಷೆಯೂ ಬೇಡ.

ಎಕ್ಸ್‌ರೇ ಹಾಳೆಯ ಬಗ್ಗೆಯೂ ಹೇಳಬೇಕು. ಮಾವಯ್ಯನ ಸೊಂಟದ್ದು, ಅತ್ತೆಯ ಮಂಡಿಯದ್ದು, ಹಳೆಯ ಕಾಲದ ಫಿಲ್ಮುಗಳು ನಾಲ್ಕಾರು ಇದ್ದವು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿಟ್ಟರೆ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಜಾರುತ್ತದೆ. ಮೂಳೆಯ ನೆರಳೂ ಹೆಸರು ವಯಸ್ಸಿನ ಗುರುತೂ ಅದರ ಜತೆಗೇ ಹೋಗಿ ತಿಳಿನೀಲಿಯ ಪಾರದರ್ಶಕ ಹಾಳೆ ಉಳಿಯುತ್ತದೆ. ಅದು ಪಾಲಿಯೆಸ್ಟರ್, ನೀರು ಹೀರುವುದಿಲ್ಲ, ಹರಿಯುವುದಿಲ್ಲ. ಎರಡು ತುಂಡುಗಳ ನಡುವೆ ಪೆನ್ಸಿಲಿನಲ್ಲಿ ಬರೆದ ಕಾಗದ ಇಟ್ಟು ಸುತ್ತಲೂ ಹೊಲಿದೆ. ಆಗ ಆಕಸ್ಮಿಕವಾಗಿ ಗೊತ್ತಾದದ್ದು ಇದು: ದಾರ ಹಾಕದ ಹೊಲಿಗೆ ಯಂತ್ರದ ಸೂಜಿಯನ್ನು ಹಾಳೆಯ ಮೇಲೆ ಓಡಿಸಿದರೆ ಕೆಳಬದಿಯಲ್ಲಿ ತೂತುಗಳ ಅಂಚು ಒರಟಾಗಿ ಏಳುತ್ತದೆ. ಬೆರಳಿಗೆ ಅದು ಗೆರೆ. ಅಲ್ಯುಮಿನಿಯಂ ತಗಡು ಹಾಕಲಾಗದ ಕಡೆ, ಎಂದರೆ ಚೀಲದ ಬಾಯಿಗೆ, ಹಗ್ಗದ ಸುರುಳಿಗೆ, ಇದನ್ನೇ ಕಟ್ಟುತ್ತೇನೆ.

ಫ್ಲೆಕ್ಸ್ ಬಟ್ಟೆಯಿಂದ ಉಳಿಗಳಿಗೆ ಜೇಬಿನ ಸುರುಳಿ ಹೊಲಿದೆ, ಚೆನ್ನಾಗಿ ಬಂತು. 2016ರಲ್ಲಿ ರಾಜ್ಯ ಸರಕಾರ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳಲ್ಲಿ ಇದೂ ಒಂದು, ಆದರೂ ಜಾತ್ರೆ ಮುಗಿದ ಮೇಲೆ ಬೇಲಿಗೆ ಸಿಕ್ಕಿಕೊಂಡದ್ದು ಕಾಣುತ್ತಲೇ ಇರುತ್ತದೆ. ಅದು ಪಿವಿಸಿ; ಉಳಿದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ, ಆ ಹೊಗೆ ಬಹಳ ಕೆಟ್ಟದ್ದು. ಅಡಿಕೆ ಹಾಳೆಯ ಮೇಲೆ ಕಾದ ಮೊಳೆಯಿಂದ ಬರೆದದ್ದು ಬೇಸಿಗೆಯಲ್ಲಿ ಚಂದ, ಮಳೆಗಾಲಕ್ಕೆ ಬೂಷ್ಟು.

ನನಗೆ ಎಲ್ಲಕ್ಕಿಂತ ಪ್ರೀತಿಯದು ಕಡತ. ಇವತ್ತು ಕಡತವೆಂದರೆ ಸರಕಾರಿ ಕಚೇರಿಯ ಫೈಲು. ಆದರೆ ಹಿಂದೆ ಕಡತ ಎಂದರೆ ಬಟ್ಟೆಯ ಪುಸ್ತಕ: ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದದ್ದು. ವರ್ತಕರ ಲೆಕ್ಕ, ಊರಿನ ದಾಖಲೆ ಎಲ್ಲ ಅದರಲ್ಲಿರುತ್ತಿತ್ತು. ಶೃಂಗೇರಿ ಮಠದ ಕಡತಗಳು ಚರಿತ್ರೆ ಓದಿದವರಿಗೆಲ್ಲ ಗೊತ್ತು. ಕಪ್ಪು ಬಟ್ಟೆ, ಬಿಳಿ ಅಕ್ಷರ, ಒರೆಸಿದರೆ ಮತ್ತೆ ಖಾಲಿ. ನಮ್ಮಲ್ಲಿ ತಿಂಗಳಿಗೊಮ್ಮೆ ಬದಲಾಗುವ ಡಬ್ಬಿಗಳಿದ್ದವು, ಮತ್ತು ಮಾವಯ್ಯನಿಗೆ ಇನ್ನೂ ಸ್ವಲ್ಪ ನೋಟ ಉಳಿದಿತ್ತು. ನೋಟ ಮಂದವಾದವರಿಗೆ ಬಿಳಿಯ ಮೇಲಿನ ಕಪ್ಪಿಗಿಂತ ಕಪ್ಪಿನ ಮೇಲಿನ ಬಿಳಿ ಚೆನ್ನಾಗಿ ಕಾಣುವುದುಂಟು, ಅವರಿಗೂ ಹಾಗೆಯೇ.

ಮಾವಯ್ಯನ ಹಳೆಯ ಪಂಚೆಯ ಅಂಚು ಹರಿದು ಬಟ್ಟೆ ಮಾಡಿಕೊಂಡೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ನೀರು ಬೆರೆಸಿ ಕಾಯಿಸಿದರೆ ಗಂಜಿಯಂಥ ಅಂಟು. ತೆಂಗಿನ ಗೆರಟೆಯ ಇದ್ದಿಲನ್ನು ಅರೆದು ಬಟ್ಟೆಯಲ್ಲಿ ಜಾಲಿಸಿ ಕಲಸಿದೆ. ಪುಸ್ತಕದ ರಟ್ಟು ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳು ಹಿಡಿಯಬಾರದೆಂದು. ತೋಟದ ಮನೆಯಲ್ಲಿ ಮೈಲುತುತ್ತಕ್ಕೆ ಬರವಿಲ್ಲ, ನಾನೂ ಹಾಕಿದೆ. ಅದು ವಿಷ, ಅಡುಗೆಯ ಪಾತ್ರೆ ಮುಟ್ಟಿಸಲಿಲ್ಲ. ಎರಡೂ ಬದಿಗೆ ಮೂರು ಸಲ ಬಳಿದು, ಪ್ರತಿ ಸಲ ಒಣಗಿದ ಮೇಲೆ ಗಾಜಿನ ಬಾಟಲಿಯಿಂದ ತಿಕ್ಕಿದೆ. ಮೂರನೆಯ ದಿನ ಬಟ್ಟೆ ತೊಗಲಿನಂತೆ ಬಿಗಿಯಾಯಿತು. ಬಳಪದಲ್ಲಿ ಎರಡಂಗುಲದ ಅಕ್ಷರದಲ್ಲಿ "ಮೊಳೆ" ಎಂದು ಬರೆದು ಅವರ ಮುಂದೆ ಹಿಡಿದೆ. ಹಿಂದೆ ಮುಂದೆ ಸರಿಸಿ, ಕಣ್ಣಿನ ಆ ಕೊಳವೆಯೊಳಗೆ ಅದನ್ನು ತಂದುಕೊಂಡು, "ಮೊಳೆ" ಎಂದು ಓದಿದರು. ಆಮೇಲೆ ಬಟ್ಟೆಯನ್ನು ಮೂಸಿ, "ನಮ್ಮ ಅಜ್ಜನ ಪೆಟ್ಟಿಗೆಯ ವಾಸನೆ" ಎಂದರು.

ಮಳೆ ಜೋರಾದಾಗ ಕಡತವೂ ಮೆತ್ತಗಾಗಿ ಕಪ್ಪು ಕೈಗೆ ಹತ್ತುತ್ತದೆ. ಬಚ್ಚಲ ಒಲೆಯ ಶಾಖ ತಾಗುವ ಗೋಡೆಯಲ್ಲಿ ಮಾತ್ರ ಅದನ್ನು ತೂಗು ಹಾಕಿದ್ದೇನೆ, ಅಲ್ಲಿ ಎರಡು ಮಳೆಗಾಲ ತಾಳಿದೆ.

ಯಾವ ಹೆಸರು ಬರೆಯಬೇಕು ಎಂಬುದು ವಸ್ತುವಿನ ಆಯ್ಕೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಬೈರಿಗೆ ಎಂದು ಬರೆದರೆ ಮಗಳಿಗೆ ತಿಳಿಯುವುದಿಲ್ಲ, ಡ್ರಿಲ್ ಎಂದು ಬರೆದರೆ ಮಾವಯ್ಯನಿಗೆ ಅದು ಕರೆಂಟಿನ ಯಂತ್ರ. ಕಲ್ಲು ಒಡೆಯುವ ಚಾಣವನ್ನೂ ಮರದ ಉಳಿಯನ್ನೂ ನಾನು ಒಂದೇ ಹೆಸರಿನ ಕೆಳಗೆ ಹಾಕಿದ್ದೆ. ಅವರು ಅದನ್ನು ತಿದ್ದಿಸಿದಾಗ ನನಗೆ ಒಂದು ಪದ ಮರಳಿ ಬಂತು. ಬೇರಿಂಗುಗಳಿಗೆ ಮಾತ್ರ ಈ ತಕರಾರಿಲ್ಲ, ಹೆಸರನ್ನು ಮೈಮೇಲೆ ಕೆತ್ತಿಸಿಕೊಂಡೇ ಬರುತ್ತವೆ. 6204 ಎಂದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ, ಒಳರಂಧ್ರ 20 ಮಿ.ಮೀ.; 6205 ಆದರೆ 25. "ಇತರೆ" ಎಂಬ ಡಬ್ಬಿಯೂ ಒಂದಿತ್ತು. "ಇತರೆ ಬೇಕು ಎಂದು ಯಾರು ಹುಡುಕುತ್ತಾರೆ?" ಎಂದು ಮಾವಯ್ಯ ಕೇಳಿದ ಮೇಲೆ ಅದನ್ನು ಬರಿದು ಮಾಡಿದೆ.

ಈ ವರ್ಷ ಪುನರ್ವಸು ಮಳೆ ತುಸು ಬಿಡುವು ಕೊಟ್ಟಾಗ ಅಡಿಕೆಗೆ ಎರಡನೆಯ ಸಲ ಔಷಧಿ ಹೊಡೆಸಿದೆವು. ಕೊಳೆರೋಗಕ್ಕೆ ನಮ್ಮಲ್ಲಿ ಬೋರ್ಡೋ ದ್ರಾವಣವೇ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಪಾಕ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದಿ ತೆಗೆಯುವುದನ್ನು ಮಾವಯ್ಯನೇ ನನಗೆ ಕಲಿಸಿದ್ದು. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ಸುಣ್ಣ ಸಾಲದು ಎಂದರ್ಥ. ಮೈಲುತುತ್ತದೊಳಗಿನ ತಾಮ್ರ ಬಿಡುಗಡೆಯಾಗಿ ಕಬ್ಬಿಣಕ್ಕೆ ಅಂಟುತ್ತಿದೆ. ಈಗ ಅಲಗು ನೋಡುವುದು ನನ್ನ ಕೆಲಸ. ಸಂಜೆ ಯಂತ್ರ ತೊಳೆದು ಒಳಗಿಡುವಾಗ ಅವರು ಚಾವಿಗೆ ಕಟ್ಟಿದ್ದ ತಗಡನ್ನು ಮುಟ್ಟಿ, "ಇದರ ಗೆರೆ ಹೋಗಿದೆಯಲ್ಲ ತಂಗಿ" ಎಂದರು. ನಾನು ಬೆಳಕಿಗೆ ಹಿಡಿದೆ. ಅಲ್ಯುಮಿನಿಯಂ ಗುಳಿ ಗುಳಿಯಾಗಿ ತಿಂದುಹೋಗಿತ್ತು, ಗುಳಿಗಳಲ್ಲಿ ಅದೇ ಕೆಂಪು ಪುಡಿ. ಕತ್ತಿಯ ಮೇಲೆ ಹುಡುಕುತ್ತಿದ್ದದ್ದು ನನ್ನ ಚೀಟಿಯ ಮೇಲೆ ಕೂತಿತ್ತು. ಮೈಲುತುತ್ತದ ಬಳಿ ಅಲ್ಯುಮಿನಿಯಂ ಇಡಬಾರದು ಎಂಬುದು ನನಗೆ ಮೊದಲೇ ತಿಳಿಯಬೇಕಿತ್ತು.

ಒಡೆದ ಪಿವಿಸಿ ಪೈಪಿನ ತುಂಡು ಸರಿಹೋಗುತ್ತದೆ ಎಂದರು. ಅದನ್ನು ಮೈಲುತುತ್ತ ಏನೂ ಮಾಡುವುದಿಲ್ಲ. ಅಂಚಿಗೆ ಗರಗಸದಿಂದ ಗೀರು ಹಾಕಿದರೆ ಬೆರಳಿಗೆ ತಿಳಿಯುತ್ತದೆ. ನಾನು ಏಳುವ ಮೊದಲೇ ಅವರು ಎದ್ದು ಒಳಗೆ ಹೋದರು. ಕರೆಂಟು ಇರಲಿಲ್ಲ. ಏನೋ ಸರಿದ ಸದ್ದು, ಒಂದು ಡಬ್ಬಿಯ ಮುಚ್ಚಳದ ಸದ್ದು. ಲೋಹ ಕತ್ತರಿಸುವ ಸಣ್ಣ ಗರಗಸ ಹಿಡಿದುಕೊಂಡು ಬಂದು ಜಗುಲಿಯಲ್ಲಿ ಕೂತರು. ಪೈಪಿನ ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಎಡಗೈ ಹೆಬ್ಬೆರಳನ್ನು ಅಲಗಿಗೆ ಆನಿಸಿ, ಒಂದೊಂದೇ ಗೀರು ಹಾಕಿದರು. ಪ್ರತಿ ಗೀರಿನ ಮೇಲೂ ಉಗುರು ಆಡಿಸಿ ನೋಡಿದರು.

"ಮೂರು ಸಾಕೇ, ನಾಲ್ಕು ಬೇಕೇ?" ಎಂದು ಕೇಳಿದರು.

ನಾಲ್ಕು ಆಗಲೇ ಹತ್ತೊಂಬತ್ತರ ಸ್ಪ್ಯಾನರಿಗೆ ಹೋಗಿದೆ ಎಂದೆ. ಮೂರು ಹದಿನೇಳಕ್ಕೆ.

"ಹಾಗಾದರೆ ಐದು" ಎಂದು ಗರಗಸವನ್ನು ಮತ್ತೆ ಅಂಚಿಗೆ ಇಟ್ಟರು.